ಕಾಲು ಚಿಕ್ಕವಳದು

ತಾತ ಬರೆದಿಟ್ಟ ಕರಾರನ್ನು ಕೈಯಲ್ಲಿ ಹಿಡಿದರೆ ಬೆರಳು ತರಿತರಿ ಎನ್ನುತ್ತಿತ್ತು. ಅದು ಮರ ಉಜ್ಜುವ ಸ್ಯಾಂಡ್‌ಪೇಪರು. ಹಾಸಿಗೆ ಹಿಡಿದಿದ್ದ ತಾತನಿಗೆ ಆವತ್ತು ಕೈಗೆಟುಕಿದ ಕಾಗದ ಅದೊಂದೇ. ಒಂದು ಮೈಗೆ ಮರಳು, ಇನ್ನೊಂದು ಮೈಗೆ ಬಡಗಿಯ ದಪ್ಪ ಪೆನ್ಸಿಲ್ಲಿನಲ್ಲಿ ಬರೆದ ಎರಡು ಸಾಲು:

ಕಾಲು ಚಿಕ್ಕವಳದು. ಉಳಿದದ್ದು ದೊಡ್ಡವಳದು.

ಅದರಡಿ ತಾತನ ಸಹಿ. ಅದರಡಿ ಇಬ್ಬರು ಹೆಣ್ಣುಮಕ್ಕಳ ಸಹಿ. ದೊಡ್ಡವಳು ನನ್ನ ಅಮ್ಮ, ಚಿಕ್ಕವಳು ಚಿಕ್ಕಮ್ಮ. ತಾತ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷವೂ ಕಾಗದ ನಮ್ಮ ಕಾರ್ಖಾನೆಯ ಗೋಡೆಯಲ್ಲಿ, ಗರಗಸಗಳ ಸಾಲಿನ ಪಕ್ಕದ ಮೊಳೆಗೆ ಸುಮ್ಮನೆ ನೇತುಬಿದ್ದಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ. ಅದರಲ್ಲಿ ಬರೆದಂತೆಯೇ ಬದುಕುತ್ತಿದ್ದೇವೆ ಎಂದು ಎಲ್ಲರೂ ಅಂದುಕೊಂಡಿದ್ದರು.

ನಮ್ಮದು ಕುರ್ಚಿ ಮಾಡುವ ಕಾರ್ಖಾನೆ. ಕಾರ್ಖಾನೆ ಎನ್ನುವುದು ಬೋರ್ಡಿನ ಮೇಲಿನ ಮಾತು. ಇರುವುದು ಒಂದು ಉದ್ದನೆಯ ಕೋಣೆ, ಎರಡು ಕಿಟಕಿ, ಒಂದು ಲೇತು. ಅಮ್ಮ ಮರ ಆರಿಸಿ, ಕೊಯ್ದು, ಚೌಕಟ್ಟು ಕಟ್ಟಿ, ಬೆನ್ನೊರಗು ಕೂರಿಸುತ್ತಾಳೆ. ಚಿಕ್ಕಮ್ಮ ಲೇತಿನ ಮುಂದೆ ನಿಂತು ಕಾಲು ಕಡೆಯುತ್ತಾಳೆ. ನಾನು ಕೂರುವ ಜಾಗಕ್ಕೆ ಬೆತ್ತ ಹೆಣೆಯುತ್ತೇನೆ. ಪಾಲಿಷ್ ಮಾಮ ಕುರ್ಚಿಗಳಿಗೆ ಪಾಲಿಷ್ ಹಾಕುತ್ತಾರೆ, ಬಿಡುವಾದಾಗ ಎಲ್ಲರ ಮಾತಿಗೂ.

ಚಿಕ್ಕಮ್ಮ ಕಡೆದ ಕಾಲನ್ನು ನೋಡಿದವರು ಒಮ್ಮೆ ಬಗ್ಗಿ ಮುಟ್ಟದೆ ಹೋಗುವುದಿಲ್ಲ. ಮೇಲೆ ತೊಡೆಯಂತೆ ತುಂಬಿಕೊಂಡು, ಬರಬರುತ್ತ ಕೊರಳಿನಂತೆ ಸಣ್ಣಗಾಗಿ, ಹಿಮ್ಮಡಿಯ ಮೇಲೆ ಮೂರು ಬಳೆ ತೊಟ್ಟು ನಿಲ್ಲುತ್ತದೆ. ಆ ಬಳೆಗಳು ಅಂಟಿಸಿದ್ದಲ್ಲ, ಅದೇ ಮರದಲ್ಲಿ ಅರಳಿಸಿದ್ದು. ಊರಲ್ಲಿ ನಮ್ಮ ಕುರ್ಚಿಗೆ ಬಳೆ ಕುರ್ಚಿ ಎಂದೇ ಹೆಸರು. ಯಾರೂ ನೋಡದಿದ್ದಾಗ ಅವು ಕೋಣೆ ತುಂಬ ನಡೆದಾಡಿ, ಬಾಗಿಲ ಸದ್ದಾದ ಕೂಡಲೇ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ ಎಂದು ಅಜ್ಜಿ ನನಗೆ ಹೇಳಿದ್ದರು. ಅದಕ್ಕೇ ಈಗಲೂ ನಾನು ಬಾಗಿಲು ತೆರೆಯುವ ಮುಂಚೆ ಚಿಲಕವನ್ನು ಸ್ವಲ್ಪ ಜೋರಾಗಿಯೇ ಅಲ್ಲಾಡಿಸುತ್ತೇನೆ. ಅವಕ್ಕೂ ಒಂದು ಮರ್ಯಾದೆ ಬೇಡವೇ?

ಇಂಥ ಕೋಣೆಗೆ ಒಂದು ಬೆಳಿಗ್ಗೆ ಸೋಫಾ ಸಾಹುಕಾರರು ಬಂದರು. ಸೇತುವೆಯಾಚೆ ದೊಡ್ಡ ಪೀಠೋಪಕರಣದ ಕಾರ್ಖಾನೆ ಅವರದು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟು, ಬಳೆಗಳ ಮೇಲೆ ಹೆಬ್ಬೆರಳಾಡಿಸಿದರು.

"ಈ ಕಾಲು ಯಾರದು?"

"ನಂದು," ಅಂದಳು ಚಿಕ್ಕಮ್ಮ.

"ನನಗಿದು ಬೇಕು. ಇದೇ ಬಳೆ, ಇದೇ ತಿರುವು. ನಮ್ಮ ಮೇಜು, ಮಂಚ, ಸೋಫಾ ಎಲ್ಲಕ್ಕೂ. ನೀವು ಹೂಂ ಅಂದ್ರೆ ಕರಾರು ಬರೆಸ್ತೀನಿ."

ಅಮ್ಮ ಕೀಸುಳಿಯನ್ನು ಕೆಳಗಿಟ್ಟಳು. "ಅದು ನಮ್ಮ ಕುರ್ಚೀದು. ಹೊರಗೆ ಹೋಗಲ್ಲ."

ಸಾಹುಕಾರರು ಇಬ್ಬರ ಮುಖವನ್ನೂ ನೋಡಿ, "ಮಾತಾಡ್ಕೊಂಡು ಹೇಳಿ," ಎಂದು ಹೊರಟುಹೋದರು. ಅವರ ಕಾರಿನ ಸದ್ದು ಬೀದಿ ದಾಟುವ ತನಕ ಇಬ್ಬರೂ ತಡೆದುಕೊಂಡಿದ್ದು ದೊಡ್ಡದು.

"ಯಾಕೆ ಹೋಗಲ್ಲ? ಅಪ್ಪ ಬರೆದಿದಾರಲ್ಲ, ಕಾಲು ಚಿಕ್ಕವಳದು ಅಂತ! ನನ್ನ ಕಾಲನ್ನ ನಾನು ಯಾವುದರ ಕೆಳಗೆ ಬೇಕಾದ್ರೂ ಇಡ್ತೀನಿ."

"ಕಾಲು ಅಂದ್ರೆ ಕಾಲು ಭಾಗ ಕಣೇ. ನಾಲ್ಕರಲ್ಲಿ ಒಂದು. ಈ ಕಾರ್ಖಾನೇಲಿ ನಿನ್ನ ಪಾಲು ಅದು. ಪಾಲಿಟ್ಕೊಂಡು ನಮ್ಮ ಕುರ್ಚಿ ಕಾಲನ್ನೇ ಕಿತ್ತು ಪಕ್ಕದವರಿಗೆ ಕೊಡ್ತೀಯಾ?"

"ಕುರ್ಚಿ ಮಾಡೋರ ಮನೇಲಿ ಕಾಲು ಅಂದ್ರೆ ಯಾವ ಕಾಲು ಅಂತ ದಾರೀಲಿ ಹೋಗೋರಿಗೂ ಗೊತ್ತಾಗತ್ತೆ."

"ಹಾಗಾದ್ರೆ ದಾರೀಲಿ ಹೋಗೋರನ್ನೇ ಕರ್ಕೊಂಡು ಬಾ."

ಪಾಲಿಷ್ ಮಾಮ ಗೋಡೆಯ ಹತ್ತಿರ ಹೋಗಿ, ಕಾಗದಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ಓದಿದರು. "ಇಲ್ಲಿ ಇನ್ನೊಂದಿದೆ ನೋಡಿ. 'ಉಳಿದದ್ದು ದೊಡ್ಡವಳದು.' ಉಳಿ ಅಂತಲೇ ಶುರುವಾಗತ್ತೆ. ಹಾಗೆ ನೋಡಿದ್ರೆ ಇಲ್ಲಿರೋ ಉಳಿಗಳೆಲ್ಲ ದೊಡ್ಡಕ್ಕಂದು. ಚಿಕ್ಕಕ್ಕ ಇನ್ಮೇಲೆ ಕಾಲನ್ನ ಹಲ್ಲಲ್ಲೇ ಕಡೀಬೇಕು."

"ಮಾಮ, ಬಾಯಿಗೆ ಒಂದು ಕೋಟು ವಾರ್ನಿಷ್ ಬಳ್ಕೊಳ್ಳಿ!" ಅಂದರು ಇಬ್ಬರೂ ಒಟ್ಟಿಗೆ.

ಅದಾದ ಮೇಲೆ ಇಬ್ಬರೂ ಒಟ್ಟಿಗೆ ಏನನ್ನೂ ಅನ್ನಲಿಲ್ಲ. ಎರಡನೆಯ ವಾರ ಅಂಚೆಯಲ್ಲಿ ಚಿಕ್ಕಮ್ಮನ ವಕೀಲರ ನೋಟೀಸು ಬಂತು. ಚಿಕ್ಕಮ್ಮ ಅಮ್ಮನಿಂದ ಆರು ಹೆಜ್ಜೆ ದೂರದಲ್ಲಿ ಲೇತಿನ ಮುಂದೆ ನಿಂತಿದ್ದಳು. ಅಲ್ಲಿಂದ ಇಲ್ಲಿಗೆ ಬರಲು ಆ ಮಾತು ಇಡೀ ಊರು ಸುತ್ತಿ, ಎರಡು ಮುದ್ರೆ ಹೊಡೆಸಿಕೊಂಡು ಬಂದಿತ್ತು. ಮೂರು ಬಳೆಯ ಕಾಲಿನ ಮೇಲೆ ಚಿಕ್ಕಮ್ಮನೊಬ್ಬಳಿಗೇ ಹಕ್ಕು, ಹದಿನೈದು ದಿನದೊಳಗೆ ಅಮ್ಮ ಅದನ್ನು ಬರಹದಲ್ಲಿ ಒಪ್ಪಬೇಕು, ಇಲ್ಲವಾದರೆ ನ್ಯಾಯಾಲಯ ಎಂದಿತ್ತು.

ಅಮ್ಮ ಅದನ್ನು ನಿಂತೇ ಓದಿ, ಒಂದು ಕುರ್ಚಿಯನ್ನು ಎಳೆದುಕೊಂಡು ಕೂತಳು. "ಆ ಕಾಲು ಅಲ್ಲಿಗೆ ಹೋಯ್ತು ಅಂದ್ಕೋ. ವರ್ಷ ತುಂಬೋದ್ರೊಳಗೆ ಊರಿನ ಮಂಚ, ಮೇಜು ಎಲ್ಲಾ ಬಳೆ ತೊಟ್ಕೊಂಡು ನಿಂತಿರತ್ತೆ. ಆಮೇಲೆ ಬಳೆ ಕುರ್ಚಿ ಅಂತ ನಮ್ಮನ್ನ ಹುಡುಕ್ಕೊಂಡು ಯಾಕೆ ಬರ್ತಾರೆ? ಹತ್ತರಲ್ಲಿ ಒಂದು ಕುರ್ಚಿ ಆಗೋಗತ್ತೆ ಇದು."

ವಕೀಲರನ್ನು ಹುಡುಕಿದ್ದು ನಾನು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ವ್ಯಾಪಾರದ ತಕರಾರುಗಳನ್ನೇ ನೋಡುವ ಒಬ್ಬ ವಕೀಲಮ್ಮ ಇದ್ದಾರೆಂದು ಬೆತ್ತ ಮಾರುವವರು ಹೇಳಿದ್ದರು. ಇಬ್ಬರು ಎದುರಾಬದುರಾಗಿ ಹೋಗಲಾರದಷ್ಟು ಇಕ್ಕಟ್ಟಾದ ಮೆಟ್ಟಿಲು. ಮೇಲೆ ಹೋದರೆ ಕಡತಗಳ ಗೋಡೆ, ಆ ಗೋಡೆಯ ನಡುವೆ ಒಂದು ಮೇಜು, ಮೇಜಿನ ಹಿಂದೆ ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹೆಂಗಸು. ಅಮ್ಮ ನೋಟೀಸನ್ನು ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ.

"ಕುರ್ಚಿ ಎಲ್ಲಿ?"

"ಕಾರ್ಖಾನೇಲಿ."

"ಜಗಳ ಇರೋದು ಕುರ್ಚಿ ಬಗ್ಗೆ, ತಂದಿರೋದು ಕಾಗದ. ಮೊದಲು ಅದನ್ನ ತನ್ನಿ. ನಾನು ವಸ್ತು ನೋಡದೆ ಕಾಗದ ಬಿಚ್ಚಲ್ಲ."

ಮರುದಿನ ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಹತ್ತಿದೆ. ವಕೀಲಮ್ಮ ತಮ್ಮ ಕುರ್ಚಿ ಬಿಟ್ಟೆದ್ದು ನಮ್ಮದರಲ್ಲಿ ಕೂತರು. ಹಿಂದಕ್ಕೊರಗಿದರು, ಮುಂದಕ್ಕೆ ಬಾಗಿದರು. ಆಮೇಲೆ ನೆಲದ ಮೇಲೆ ಮಂಡಿಯೂರಿ ಅಡಿಯನ್ನು ನೋಡಿದರು. ರಾಜಕುಮಾರಿಯ ರೋಗ ಕೇಳುವ ಮುಂಚೆ ಅವಳ ಅರಮನೆಯ ಮೆಟ್ಟಿಲೆಣಿಸುವ ವೈದ್ಯನೊಬ್ಬ ಅಜ್ಜಿಯ ಕಥೆಯಲ್ಲಿದ್ದ. ಅವನ ಅಕ್ಕನೇ ಇರಬೇಕು ಇವರು ಎನ್ನಿಸಿತು.

ಕೊನೆಗೆ ನಾವು ಗೋಡೆಯಿಂದ ಬಿಚ್ಚಿ ತಂದಿದ್ದ ಸ್ಯಾಂಡ್‌ಪೇಪರನ್ನು ಕೈಗೆ ತೆಗೆದುಕೊಂಡು, "ಅಬ್ಬ, ಎಂಥ ಒರಟು ಕರಾರು," ಎಂದು ಅಂಗೈ ಒರೆಸಿಕೊಂಡರು. ಎರಡು ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು. ನಕ್ಕರು. "ಎರಡು ಥರ ಓದಿದ್ರೂ ಎಲ್ಲೂ ತಡೆಯಲ್ಲ. ಕಾಲು ಭಾಗ ಒಬ್ಬರದು, ಮಿಕ್ಕ ಮುಕ್ಕಾಲು ಇನ್ನೊಬ್ಬರದು. ಇಲ್ಲಾ, ಕುರ್ಚಿ ಕಾಲು ಒಬ್ಬರದು, ಮಿಕ್ಕ ಕುರ್ಚಿ ಇನ್ನೊಬ್ಬರದು. ನಿಮ್ಮಪ್ಪ ತುಂಬ ಮಾತಾಡೋರಾ?"

"ಇಲ್ಲ. ಮಾತೂ ಅಳತೆ ಹಾಕಿ ಕೊಯ್ದಿಟ್ಟ ಹಾಗಿರೋದು."

"ಸ್ವಲ್ಪ ಮರ ಬಿಟ್ಟು ಕೊಯ್ಯಬೇಕಿತ್ತು."

ಅವರು ತುರುಬಿನ ಪೆನ್ಸಿಲ್ ತೆಗೆದು, ಹಾಳೆಯ ನಡುವೆ ಒಂದು ಗೆರೆ ಎಳೆದರು. "ಇದು ಉಯಿಲೋ ಅಲ್ಲವೋ ಅನ್ನೋದು ಪಕ್ಕಕ್ಕಿರಲಿ. ಇಬ್ಬರೂ ಸಹಿ ಹಾಕಿ ಒಂಬತ್ತು ವರ್ಷ ನಡ್ಕೊಂಡು ಬಂದಿದೀರಿ, ನಿಮ್ಮಿಬ್ಬರ ನಡುವೆ ಇದೇ ಕರಾರು. ಮಾತು ಎರಡು ಕಡೆಗೂ ವಾಲಿದಾಗ ನ್ಯಾಯಾಧೀಶರು ಇನ್ನೊಂದನ್ನ ಕೇಳ್ತಾರೆ. ಬರೆದ ಮೇಲೆ ನೀವು ಹೇಗೆ ನಡ್ಕೊಂಡ್ರಿ ಅಂತ. ಹೇಳಿ, ಮುರಿದ ಕುರ್ಚಿ ವಾಪಸು ಬಂದ್ರೆ ಯಾರು ಸರಿ ಮಾಡೋದು?"

"ಕಾಲು ಮುರಿದಿದ್ರೆ ಅವಳು. ಬೇರೆ ಏನಾಗಿದ್ರೂ ನಾನು."

"ಇದು ಅವರ ಕಡೆಗೆ." ಗೆರೆಯ ಎಡಕ್ಕೆ ಒಂದು ಗುರುತು ಬಿತ್ತು. "ಮರ ಆರಿಸೋಕೆ?"

"ಇಬ್ಬರೂ ಹೋಗ್ತೀವಿ."

"ಕಾಲಿಗೆ ಬೇಕಾದ ಮರ ಮಾತ್ರಾನಾ?"

"ಎಲ್ಲಾ. ಅವಳಿಗೆ ತೋರಿಸ್ದೆ ನಾನು ಒಂದು ಹಲಗೇನೂ ತಂದಿಲ್ಲ."

"ಇದು ನಿಮ್ಮ ಕಡೆಗೆ. ಪಾಲಿಲ್ಲದೋರನ್ನ ಯಾರೂ ಹಾಗೆ ಕೇಳಲ್ಲ."

ಹೀಗೇ ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವವರೆಗೆ ಕೇಳಿದರು. ಬೋರ್ಡಿಗೆ ಬಣ್ಣ ಆರಿಸಿದ್ದು ಯಾರು, ಹೊಸ ಮಾದರಿಗೆ ಒಪ್ಪಿಗೆ ಕೊಡುವುದು ಯಾರು, ಲೇತಿನ ಬೆಲ್ಟು ಹರಿದರೆ ತರುವುದು ಯಾರು. ನಮ್ಮ ಮನೆಯ ಬದುಕನ್ನು ನಾನು ಆ ತನಕ ಹಾಗೆ ನೋಡಿರಲಿಲ್ಲ. ಪ್ರತಿಯೊಂದು ಸಣ್ಣ ಕೆಲಸವೂ ಯಾರಿಗೂ ಗೊತ್ತಿಲ್ಲದಂತೆ ಯಾವುದೋ ಒಂದು ಕಡೆಗೆ ಸಾಕ್ಷಿ ಹೇಳುತ್ತ ಬಂದಿತ್ತು. ಕೊನೆಗೆ ನೋಡಿದರೆ ಎಡಕ್ಕೂ ಬಲಕ್ಕೂ ಗುರುತುಗಳು ಸಮಸಮ.

"ಇದು ಕೋರ್ಟಿಗೆ ಹೋದ್ರೆ ನನ್ನ ತಲೆಯಲ್ಲಿರೋ ನಾಲ್ಕು ಕಪ್ಪು ಕೂದಲೂ ಬೆಳ್ಳಗಾಗತ್ತೆ," ಅಂದರು ವಕೀಲಮ್ಮ. "ಇನ್ನೊಂದು ಕೇಳ್ತೀನಿ. ನಿಮಗೆ ತೊಂದರೆ ತರೋ ಅಂಥದ್ದು ಏನಾದ್ರೂ ಇದೆಯಾ? ಕಾಗದ, ಫೋಟೋ, ಯಾರ ಹತ್ರಾನಾದ್ರೂ ಆಡಿದ ಮಾತು? ಒಳ್ಳೇದನ್ನ ಎಲ್ಲರೂ ತರ್ತಾರೆ. ಕೆಟ್ಟದ್ದನ್ನ ಮೊದಲು ನನಗೆ ತೋರಿಸಬೇಕು. ಎದುರಿನವರ ಕೈಯಲ್ಲಿ ನಾನು ಅದನ್ನ ಮೊದಲನೇ ಸಲ ನೋಡಬಾರದು."

"ಅಂಥದ್ದೇನಿಲ್ಲ," ಅಂದಳು ಅಮ್ಮ. ಮೆಟ್ಟಿಲಿಳಿಯುವಾಗ ನನ್ನ ತಲೆಯ ಮೇಲೆ ಕುರ್ಚಿ ಇರಲಿಲ್ಲ, ವಕೀಲಮ್ಮ ಅದನ್ನು ಇಟ್ಟುಕೊಂಡಿದ್ದರು. ಆದರೂ ತಲೆ ಭಾರವಾಗಿತ್ತು.

ತಾತ ಆ ಕಾಗದ ಬರೆದಾಗ ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಅಮ್ಮ ವಾರಕ್ಕೊಂದು ಪತ್ರ ಬರೆಯುತ್ತಿದ್ದಳು. ಅವೆಲ್ಲ ನನ್ನ ತಗಡಿನ ಪೆಟ್ಟಿಗೆಯಲ್ಲಿದ್ದವು. ಮನೆಗೆ ಬಂದು ಒಂದೊಂದಾಗಿ ಬಿಚ್ಚಿದೆ. ಹುಡುಕುತ್ತಿದ್ದುದು ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕುವುದು ಎಂಥ ವಿಚಿತ್ರ! ಸಿಕ್ಕಿತು.

"ತಾತ ನಿನ್ನ ಚಿಕ್ಕಮ್ಮನಿಗೆ ಬರೀ ಕಾಲು ಕೊಟ್ಟಿದ್ದಾರೆ ಪುಟ್ಟಾ. ಕೂರುವುದು, ಒರಗುವುದು ಎಲ್ಲ ನನ್ನದಂತೆ. ನಾಲ್ಕು ಕಾಲು ಇಟ್ಟುಕೊಂಡು ಪಾಪ ಅವಳೇನು ಮಾಡಿಯಾಳು? ಅವಳ ಮನಸ್ಸಿಗೆ ನೋವಾಗದಂತೆ ಎಲ್ಲದಕ್ಕೂ ಅವಳನ್ನು ಕೇಳಿಯೇ ಮಾಡಬೇಕು ಅಂದುಕೊಂಡಿದ್ದೇನೆ."

ಅಮ್ಮ ಒಗೆದ ಬಟ್ಟೆ ಮಡಿಚುತ್ತಿದ್ದಳು. ಪತ್ರವನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಹಾಳೆ ತಿರುಗಿಸಿ ಹಿಂದೆ ನೋಡಿದಳು, ಇನ್ನೇನಾದರೂ ಬರೆದಿರಬಹುದೇನೋ ಎಂಬಂತೆ.

"ಇದು ನನ್ನ ಅಕ್ಷರವೇನೇ?"

"ನಿಂದೇ ಅಮ್ಮ."

"ನನಗೆ ನೆನಪೇ ಇಲ್ಲ ಕಣೇ. ಸತ್ಯವಾಗ್ಲೂ. ಮೊದಲಿಂದಾನೂ ಕಾಲು ಭಾಗ ಅಂತಲೇ ನನ್ನ ತಲೇಲಿ ಇರೋದು."

ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಹಾಗಾದರೆ ಆ ಇನ್ನೊಂದು ಅರ್ಥ ಎಲ್ಲಿಗೆ ಹೋಯಿತು? ಯಾವ ದಿನ, ಯಾವ ಹೊತ್ತಿನಲ್ಲಿ ಅದು ಎದ್ದು ಹೊರಟು, ಅದರ ಜಾಗದಲ್ಲಿ ಇದು ಬಂದು ಕೂತಿತು? ನನಗೆ ಅಮ್ಮನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಅದನ್ನೇ ಕೇಳಬೇಕೆನ್ನಿಸಿತು. ಅಮ್ಮ ಪತ್ರವನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಚಿಕ್ಕಮ್ಮನ ಹತ್ರ ಹೋಗಿ ಊದಬೇಡ," ಅಂದಳು ಅಷ್ಟೇ.

ಎರಡು ದಿನ ಬಿಟ್ಟು ಮತ್ತೆ ವಕೀಲಮ್ಮನ ಮುಂದೆ ಕೂತೆವು. ನೋಟೀಸಿಗೆ ಉತ್ತರದ ಕರಡನ್ನು ಅವರು ಓದಿ ಹೇಳಿದರು. "ಇನ್ನೇನಾದ್ರೂ ಇದೆಯಾ?" ಎಂದು ಮತ್ತೆ ಕೇಳಿದರು. ನಾನು ಚೀಲದ ಜಿಪ್ಪನ್ನೇ ನೋಡುತ್ತಿದ್ದೆ. ಅಮ್ಮ ಚೀಲವನ್ನು ಮಡಿಲಿನಿಂದ ಕಾಲಿನ ಪಕ್ಕಕ್ಕಿಟ್ಟಳು. "ಇಲ್ಲ."

ಇಳಿಯುತ್ತಿದ್ದೆವು. ಅರ್ಧ ಮೆಟ್ಟಿಲಿಗೆ ಬಂದು ಅಮ್ಮ ನಿಂತುಬಿಟ್ಟಳು. ಕೆಳಗಿನಿಂದ ಯಾರೋ ಹತ್ತಿಬರುತ್ತಿದ್ದರು. ಅವರಿಗೆ ಜಾಗ ಬಿಡಲು ಒಂದೋ ಪೂರ್ತಿ ಇಳಿಯಬೇಕು, ಇಲ್ಲ ಮೇಲಕ್ಕೆ ಹೋಗಬೇಕು.

"ನಿನ್ನನ್ನ ಸಾಕ್ಷಿಗೆ ಕರೆದ್ರೆ ಏನು ಹೇಳ್ತೀಯೇ?"

"ಕೇಳಿದ್ದಕ್ಕೆ ಉತ್ತರ ಹೇಳ್ತೀನಿ."

"ಗೊತ್ತಿತ್ತು. ನಿನ್ನ ಕೈಲಿ ಒಂದು ಸುಳ್ಳು ಹೇಳಿಸಿದ್ರೆ ಅದಕ್ಕೆ ಒಂದು ರಾಣಿ, ಎರಡು ಗಿಳಿ ಸೇರಿಸಿ ನಾಲ್ಕು ದಿನ ಹೇಳ್ತೀಯ," ಎಂದು ಗೊಣಗಿಕೊಂಡು ಅಮ್ಮ ಮೇಲಕ್ಕೆ ಹತ್ತಿದಳು.

ವಕೀಲಮ್ಮ ಪತ್ರವನ್ನು ಓದಿ ಬೈಯಲಿಲ್ಲ. ಅಮ್ಮನನ್ನು ನೋಡಿ, ನನ್ನನ್ನು ನೋಡಿ, ಕರಡನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು. "ಇದನ್ನ ನಾಳೆ ಬೇರೆ ಥರ ಬರೀತೀನಿ. ಇದು ಜಗಳ ಆಡೋ ಕೇಸಲ್ಲ, ಕೂತು ಮಾತಾಡೋದು. ಅವರ ವಕೀಲರಿಗೆ ನಾನು ಫೋನು ಮಾಡ್ತೀನಿ. ಎಲ್ಲರೂ ಇಲ್ಲೇ ಕೂರೋಣ. ಇಲ್ಲಿ ಆಡಿದ ಮಾತನ್ನ ಯಾರೂ ಆಮೇಲೆ ಕೋರ್ಟಿನಲ್ಲಿ ಎತ್ತಬಾರದು ಅಂತ ಮೊದಲೇ ಎಲ್ಲರ ಸಹಿ ತಗೋತೀನಿ. ಆಮೇಲೆ ನೀವು ಈ ಪತ್ರ ಓದಬೇಕು. ನೀವೇ, ಬಾಯಿಬಿಟ್ಟು."

"ಓದಿದ್ರೆ ನಾನು ಸೋತ ಹಾಗಲ್ಲವಾ?"

"ನಿಮಗೆ ಬೇಕಾಗಿರೋದು ಏನು? ಕಾಲು ಭಾಗ ಅನ್ನೋ ಅರ್ಥವಾ, ಆ ಕುರ್ಚಿಯಾ?"

ಅಮ್ಮ ಮೂಲೆಯಲ್ಲಿದ್ದ ನಮ್ಮ ಕುರ್ಚಿಯ ಕಡೆಗೆ ನೋಡಿದಳು. ಅದರ ಮೇಲೆ ಯಾರದೋ ಕಡತಗಳು ಕೂತಿದ್ದವು.

ಮುಂದಿನ ವಾರ, ಊಟದ ಹೊತ್ತಿಗೆ ಮುಂಚೆ, ಆ ಮೇಜಿನ ಸುತ್ತ ಐದು ಜನ ಸೇರಿದೆವು. ಚಿಕ್ಕಮ್ಮನ ವಕೀಲರು ಎತ್ತರದ ಆಳು. ಕುಳ್ಳ ಸ್ಟೂಲಿನ ಮೇಲೆ ಕೂತಿದ್ದರಿಂದ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಚಿಕ್ಕಮ್ಮ ನನ್ನನ್ನು ನೋಡಿ, "ಏನೇ ಮೋಡಮ್ಮ, ಶತ್ರು ಪಾಳೆಯದಲ್ಲಿ ಆರಾಮಾ?" ಅಂದಳು. ಸದಾ ಮೋಡದಲ್ಲಿ ತೇಲುತ್ತಿರುತ್ತೇನೆಂದು ಅವಳು ನನಗಿಟ್ಟ ಹೆಸರು ಅದು. ನಗುತ್ತಲೇ ಅಂದಳು, ಆದರೆ ಕೂದಲಲ್ಲಿ ಮರದ ಹೊಟ್ಟು ಹಾಗೇ ಇತ್ತು. ಬರುವ ಮುಂಚೆ ಕನ್ನಡಿ ನೋಡಿಕೊಂಡಿರಲಿಲ್ಲ.

ಸಹಿಗಳಾದ ಮೇಲೆ ಅಮ್ಮ ಪತ್ರ ಓದಿದಳು. "ಪಾಪ ಅವಳೇನು ಮಾಡಿಯಾಳು" ಎನ್ನುವ ಸಾಲನ್ನು ತಪ್ಪಿ ಎರಡು ಸಲ ಓದಿದಳು. ಮುಗಿಸಿ, ಪತ್ರವನ್ನು ಮೇಜಿನ ನಡುವೆ ಇಟ್ಟಳು.

ಎತ್ತರದ ವಕೀಲರ ಮುಖ ಅರಳಿತು. "ಅಂದ್ರೆ ನಮ್ಮ ಕಕ್ಷಿದಾರರು ಹೇಳೋದೇ—"

"ಸ್ವಲ್ಪ ಇರಿ ಸಾರ್," ಅಂದಳು ಚಿಕ್ಕಮ್ಮ. ಅವಳು ಅಮ್ಮನನ್ನೇ ನೋಡುತ್ತಿದ್ದಳು. "ನೀನು ಕಾಲು ಅಂದ್ಕೊಂಡಿದ್ಯಾ?"

"ಹೂಂ."

"ನಾನು ಕಾಲು ಅಂದ್ಕೊಂಡಿದ್ದೆ ಅಕ್ಕಾ."

"ಅದನ್ನೇ ತಾನೇ ನಾನೂ ಹೇಳ್ತಿರೋದು, ಕಾಲು ಅಂತ."

"ಆ ಕಾಲಲ್ಲ! ಈ ಕಾಲು!" ಚಿಕ್ಕಮ್ಮ ಗಾಳಿಯಲ್ಲಿ ಒಂದು ದುಂಡು ಬರೆದು, ಅದರಿಂದ ಒಂದು ಹೋಳು ಕತ್ತರಿಸಿ ತೋರಿಸಿದಳು.

"ನಾನು ಅಂದ್ಕೊಂಡಿದ್ದು ಈ ಕಾಲು." ಅಮ್ಮ ತನ್ನ ತೊಡೆಯ ಮೇಲೆ ಚಟೀರೆಂದು ಹೊಡೆದುಕೊಂಡಳು.

ಸ್ವಲ್ಪ ಹೊತ್ತು ಆ ಮೇಜಿನಲ್ಲಿ ಬರೀ ತೊಡೆ ತಟ್ಟುವುದೂ ಗಾಳಿ ಕೊಯ್ಯುವುದೂ ನಡೆಯಿತು. ಎತ್ತರದ ವಕೀಲರು ಬರೆದುಕೊಳ್ಳುವುದನ್ನು ಬಿಟ್ಟು ಇಬ್ಬರ ಕೈಯನ್ನೂ ನೋಡುತ್ತ ಕೂತರು.

"ಒಂಬತ್ತು ವರ್ಷ," ಅಂದಳು ಚಿಕ್ಕಮ್ಮ. "ಅಪ್ಪ ನನ್ನನ್ನ ಅಳತೆ ಹಾಕಿ ನಾಲ್ಕರಲ್ಲಿ ಒಂದು ಅಂದ್ರು ಅಂತಲೇ ಇದ್ದೆ. ನಿನಗೆ ಮೂರು, ನನಗೆ ಒಂದು. ಅದಕ್ಕೇ ಕಾಲು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಕಾಲಿನವಳು ಕಾಲನ್ನೇ ಮಾಡ್ತೀನಿ ಅಂತ ಒಂದು ಹಟ. ನೀನು ಮರ ಆರಿಸೋಕೆ ಬಾ ಅಂದ್ರೆ, ಪಾಲುದಾರಳು ಅಂತ ಕರೀತಾಳೆ, ಹೋಗೋಣ ಅಂತ ಬರ್ತಿದ್ದೆ."

"ನಾನು ಪಾಪ ಅಂತ ಕರೀತಿದ್ದೆ."

"ಗೊತ್ತಾಯ್ತಲ್ಲ ಈಗ!" ಚಿಕ್ಕಮ್ಮನ ಕಣ್ಣು ತುಂ‌ಬಿತ್ತು, ಆದರೆ ನಗು ಬರುತ್ತಿತ್ತು. "ಆ ಸಾಹುಕಾರ ಬಂದು, ಈ ಕಾಲು ಯಾರದು ಅಂದ. ನಂದು ಅಂದೆ. ಹಾಗಂತ ಬಾಯಿಂದ ಬಂದ ಮೇಲೆ ಅನ್ನಿಸ್ತು, ಅಪ್ಪ ಇದನ್ನೇ ಹೇಳಿದ್ರೇನೋ ಅಂತ. ಒಂದರಲ್ಲಿ ಒಂದು ಪೂರ್ತಿ ನಂದು ಅಂತ. ಆಮೇಲೆ ಎಷ್ಟು ಸಲ ಓದಿದ್ರೂ ಆ ಕಾಗದ ಹಾಗೇ ಓದಿಸ್ಕೊಳ್ತು."

"ನಾನು ಕಾಲು ಹೊರಗೆ ಹೋಗತ್ತೆ ಅಂದಾಗ ಓದಿದೆ," ಅಂದಳು ಅಮ್ಮ. "ನನಗೆ ಇನ್ನೊಂದು ಥರ ಓದಿಸ್ಕೊಳ್ತು."

ಹಾಗಾದರೆ ತಾತ ಬರೆದದ್ದು ಯಾವ ಕಾಲು? ಅದನ್ನು ಆ ಕೋಣೆಯಲ್ಲಿ ಕೇಳಿದವಳು ನಾನೊಬ್ಬಳೇ. ವಕೀಲಮ್ಮ ಪೆನ್ಸಿಲ್ಲಿನಿಂದ ಕಿವಿಯ ಹಿಂದೆ ಕೆರೆದುಕೊಂಡರು. "ಅದನ್ನ ತಿಳ್ಕೊಳ್ಳೋ ಆಸೆ ನನಗೂ ಇದೆ ಮಗೂ. ಆದ್ರೆ ಅದು ಗೊತ್ತಾದ್ರೆ ಇವರಿಬ್ಬರಲ್ಲಿ ಒಬ್ಬರು ನಾಳೆ ಕೆಲಸಕ್ಕೆ ಬರಲ್ಲ. ಈಗ ನಿಮ್ಮಪ್ಪ ಏನಂದ್ರು ಅನ್ನೋದು ಬೇಡ. ನಿಮಗೇನು ಬೇಕು, ಅದನ್ನ ಹೇಳಿ. ಚಿಕ್ಕವರು ಮೊದಲು."

"ಈ ಕಾಲು ನಂದು ಅಂತ ಬರೀಬೇಕು. ಮತ್ತೆ ನಾನು ನಾಲ್ಕರಲ್ಲಿ ಒಂದಲ್ಲ."

"ದೊಡ್ಡವರು?"

"ಇನ್ನೊಬ್ಬರ ಮಂಚದ ಕೆಳಗೆ ನಾನು ಇದನ್ನ ನೋಡಬಾರದು."

ಅಲ್ಲಿಂದ ಎರಡು ಗಂಟೆ ಹಿಡಿಯಿತು. ಸುಲಭವಾಗಲಿಲ್ಲ. ನಡುವೆ ಒಮ್ಮೆ ಚಿಕ್ಕಮ್ಮ ಎದ್ದು ಮೆಟ್ಟಿಲ ತನಕ ಹೋದಳು. ಎತ್ತರದ ವಕೀಲರೇ ಅವಳನ್ನು ಕರೆತಂದು, ಸಾಹುಕಾರರಿಗೆ ಬೇಕಾಗಿರುವುದು ಈ ಕಾಲೇ ಹೊರತು ಇನ್ನೊಂದಲ್ಲ, ಇದನ್ನು ಬಿಟ್ಟರೆ ಆ ಕೆಲಸವೇ ತಪ್ಪಬಹುದು, ಯೋಚಿಸಿ ಹೇಳಿ ಎಂದು ನೇರವಾಗಿ ತಿಳಿಸಿದರು. ಅವರು ಒಳ್ಳೆಯ ವಕೀಲರೆಂದು ನನಗೆ ಆಗ ಗೊತ್ತಾಯಿತು. ಚಿಕ್ಕಮ್ಮ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದಳು. ಆಮೇಲೆ, "ಬೇರೆ ಕಾಲು ಕಡೆದು ತೋರಿಸ್ತೀನಿ. ಬೇಕಾದ್ರೆ ತಗೊಳ್ಳಲಿ, ಬೇಡದಿದ್ರೆ ಬಿಡಲಿ," ಅಂದಳು. ಅಮ್ಮ ಅದಕ್ಕೆ ಪ್ರತಿಯಾಗಿ ಯಾರೂ ಕೇಳದೆಯೇ, "ಉಳಿದದ್ದು ಅಂತ ಇದೆಯಲ್ಲ, ಅದರಲ್ಲಿ ಅರ್ಧರ್ಧ ಬರೀರಿ," ಎಂದಳು.

ವಕೀಲಮ್ಮ ಬರೆಯಲು ಕೂತರು. ಹೊಸ ಕರಾರಿನಲ್ಲಿ 'ಕಾಲು' ಎಂಬ ಪದ ಒಂದು ಕಡೆಯೂ ಬರಬಾರದೆಂದು ಎರಡೂ ಪಕ್ಷದವರು ಒಪ್ಪಿದರು. ಆ ದಿನ ಅವರು ಒಂದೇ ಏಟಿಗೆ ಒಪ್ಪಿದ್ದು ಇದೊಂದನ್ನೇ.

"'ಕುರ್ಚಿಯನ್ನು ಹೊತ್ತು ನಿಲ್ಲುವ, ಲೇತಿನಲ್ಲಿ ಕಡೆದ, ಮೂರು ಬಳೆಯುಳ್ಳ ನಾಲ್ಕು ಭಾಗಗಳು,'" ಎಂದು ಓದಿದರು.

"ಆಕ್ಷೇಪಣೆ," ಅಂದರು ಎತ್ತರದ ವಕೀಲರು. "ನಾಲ್ಕು ಭಾಗ ಅಂದ್ರೆ ಒಂದೊಂದೂ ಕಾಲು ಆಗತ್ತೆ."

"ನೋಡಿ, ನೀವೇ ಹೇಳಿದ್ರಿ ಆ ಪದಾನ!" ಅಂದಳು ಚಿಕ್ಕಮ್ಮ.

'ಭಾಗಗಳು' ಹೋಗಿ 'ಮರದ ತುಂಡುಗಳು' ಬಂತು. ನನ್ನ ಅಕ್ಷರ ದುಂಡಗಿದೆಯೆಂದು ಶುದ್ಧಪ್ರತಿಯನ್ನು ನನ್ನ ಕೈಯಲ್ಲಿ ಬರೆಸಿದರು. ಮೂರು ಬಳೆಯ ಮಾದರಿ ಚಿಕ್ಕವಳದು. ದೊಡ್ಡವಳ ಒಪ್ಪಿಗೆಯಿಲ್ಲದೆ ಅದು ಈ ಕುರ್ಚಿಯನ್ನಲ್ಲದೆ ಬೇರೇನನ್ನೂ ಹೊರುವಂತಿಲ್ಲ. ಬೇರೆ ಯಾವ ಮಾದರಿಯನ್ನಾದರೂ ಚಿಕ್ಕವಳು ಯಾರಿಗಾದರೂ ಕಡೆದುಕೊಡಬಹುದು. ಕಾರ್ಖಾನೆಯ ಮಾತಿನಲ್ಲಿ ಇಬ್ಬರೂ ಸಮ. ಬರೆಯುತ್ತ ಬರೆಯುತ್ತ ನಾನು ಪ್ರತಿ ಪದವನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದೆ, ಅಡಿಯಲ್ಲಿ ಇನ್ನೊಂದು ಅರ್ಥ ಅಂಟಿಕೊಂಡಿದೆಯೇ ಎಂದು. ಕೊನೆಯ ಕಲಮು ಇದು:

"ಈ ಕರಾರಿನ ಯಾವುದೇ ಪದದ ಬಗ್ಗೆ ಸಂದೇಹ ಬಂದಲ್ಲಿ, ವಕೀಲರ ಬಳಿ ಹೋಗುವ ಮುನ್ನ ಒಬ್ಬರು ಇನ್ನೊಬ್ಬರ ಮಾತು ಕೇಳತಕ್ಕದ್ದು."

ಚಿಕ್ಕಮ್ಮ ಸಹಿ ಮಾಡಲು ಪೆನ್ನು ಹಿಡಿದವಳು ಅಲ್ಲಿಗೆ ಬಂದು ನಿಂತಳು.

"ಮಾತು ಕೇಳೋದು ಅಂದ್ರೆ? ಕಿವೀಲಿ ಕೇಳೋದಾ, ಹೇಳಿದ ಹಾಗೆ ಕೇಳೋದಾ?"

"ಹೇಳಿದ ಹಾಗೆ," ಅಂದಳು ಅಮ್ಮ ತಕ್ಷಣ.

"ಹಾಗಾದ್ರೆ ನಾನು ಸಹಿ ಹಾಕಲ್ಲ."

ವಕೀಲಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಎತ್ತರದ ವಕೀಲರು ಸ್ಟೂಲಿನಿಂದ ಎದ್ದು, ಮೂಲೆಯ ಕಡತಗಳನ್ನು ನೆಲಕ್ಕಿಳಿಸಿ, ನಮ್ಮ ಕುರ್ಚಿಯಲ್ಲಿ ಮೈಚಾಚಿ ಕೂತರು. ಅವರಿಗೆ ಇನ್ನೂ ಬಹಳ ಹೊತ್ತಿದೆ ಎನ್ನಿಸಿರಬೇಕು.

ಅಮ್ಮ ತಂಗಿಯನ್ನು ನೋಡಿದಳು. "ಆಯ್ತು, ಕಿವೀಲಿ ಅಂತಲೇ ಬರೀರಿ. ಇವಳು ಹುಟ್ಟಿದಾಗಿನಿಂದ ಯಾವತ್ತು ಹೇಳಿದ ಹಾಗೆ ಕೇಳಿದಾಳೆ, ಈಗ ಕೇಳೋಕೆ?"

ನಾನು 'ಮಾತು' ಎಂಬುದರ ಮುಂದೆ ಸಣ್ಣದೊಂದು ಗುರುತು ಹಾಕಿ, ಮೇಲುಗಡೆ 'ಕಿವಿಯಾರೆ' ಎಂದು ಸೇರಿಸಿದೆ. ಕಾನೂನಿನ ಕಾಗದದಲ್ಲಿ ಆ ಪದವನ್ನು ತಾವು ಈವರೆಗೆ ಕಂಡಿಲ್ಲ ಎಂದರು ಎತ್ತರದ ವಕೀಲರು. ಆದರೆ ಆಕ್ಷೇಪಣೆ ಏನೂ ಇಲ್ಲವಂತೆ. ಚಿಕ್ಕಮ್ಮ ಬಗ್ಗಿ ಸಹಿ ಹಾಕಿದಳು. ಹಾಕಿ, ಪೆನ್ನನ್ನು ನನಗೂ ಕೊಡದೆ, ಮೇಜಿನ ಮೇಲೂ ಇಡದೆ, ಅಮ್ಮನ ಕಡೆಗೆ ಚಾಚಿದಳು.